ಮೊದಲು ತೊಳೆಯಬೇಕಾದ ಕೈ

ಪರಸು ಮಾಮಾ ಹೇಳಿದ್ದ. ಹೆಸರು ಹಿಡಿದೇ ಬರೆಯುತ್ತಿದ್ದೇನೆ, ಯಾಕೆಂದರೆ ಅವನೂ ಅದನ್ನು ಕಿವಿಯಲ್ಲಿ ಹೇಳಿದ್ದಲ್ಲ. ಪಾಳಾ ಊರಿನ ಚಹಾದಂಗಡಿಯ ಮುಂದೆ, ಹತ್ತು ಮಂದಿ ಕೂತಿರುವಾಗ, ಬಸಿಗೆ ಚಹಾ ಸುರಿದುಕೊಂಡು ಊದುತ್ತ ಹೇಳಿದ್ದ:

“ನಮ್ಮ ಸುರೇಖಾ ನರ್ಸ್ ಆಗೂದೂ ಒಂದ, ನಮ್ಮ ಗಂಗಿ ಶಾಣ್ಯಾಕಿ ಆಗೂದೂ ಒಂದ. ಎರಡೂ ಆಗೂ ಮಾತಲ್ಲ, ಬಿಡ್ರಿ.”

ಸುರೇಖಾ ನಾನು. ಗಂಗಿ ನನ್ನ ಅವ್ವನ ತಂಗಿ, ನನಗೆ ಮೌಶಿ; ಊರಿನವರ ಬಾಯಲ್ಲಿ ‘ಹುಚ್ಚ ಗಂಗಿ’. ಪರಸು ಮಾಮಾ ಇಬ್ಬರು ತಂಗಿಯರಿಗೂ ಅಣ್ಣ. ಅವನ ಮಾತು ಕೇಳಿ ನಕ್ಕವರಲ್ಲಿ ನಾನೂ ಇದ್ದೆ. ಪಿಯುಸಿ ಫಲಿತಾಂಶ ಬಂದ ಹೊಸತು. ಸಕ್ಕರೆ ತರಲು ಹೋದವಳು ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಬಗ್ಗೆ ಅಂದದ್ದು ಚುಚ್ಚಿತು. ಮೌಶಿಯ ಬಗ್ಗೆ ಅಂದದ್ದು ಚುಚ್ಚಲಿಲ್ಲ; ಅದು ನಿಜವೇ ತಾನೆ ಎಂದುಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬಹಳ ದೊಡ್ಡವಳಂತೆ ಮಾತಾಡತೊಡಗಿದರೆ ನೀವು ಈ ಕಂಬವನ್ನು ನೆನಪು ಮಾಡಿಕೊಳ್ಳಿ.

ಇವತ್ತು ಇದೆಲ್ಲ ಎದ್ದು ಬಂದದ್ದು ಒಂದು ಸೋಪಿನ ಡಬ್ಬಿಯಿಂದ. ಟ್ರಂಕು ಒರೆಸಿ ಇಡೋಣವೆಂದು ಕೂತಿದ್ದೆ, ತಳದಲ್ಲಿ ಸಿಕ್ಕಿತು. ನೀಲಿ ಪ್ಲಾಸ್ಟಿಕ್ಕು. ಮುಚ್ಚಳ ಒಂದು ಕಡೆ ಸೀಳಿದೆ. ಅಡಿಯಲ್ಲಿ, ಕಾಯಿಸಿದ ದಬ್ಬಣದಿಂದ ಕೊರೆದ ‘ಸು’ ಎಂಬ ಒಂದೇ ಅಕ್ಷರ. ಪೂರ್ತಿ ಹೆಸರು ಕೊರೆಯಬೇಕೆಂದೇ ನಾನು ಕೂತದ್ದು. ಅಷ್ಟರಲ್ಲಿ ದಬ್ಬಣ ಆರಿತು, ಬಸ್ಸೂ ಬಂತು. ಒಂದಕ್ಷರದ ಡಬ್ಬಿ ಹಿಡಿದುಕೊಂಡೇ ನಾನು ಕಲಘಟಗಿಯಲ್ಲೊಂದು, ಹಳಿಯಾಳದಲ್ಲೊಂದು ಬಸ್ಸು ಬದಲಿಸಿ ದಾಂಡೇಲಿಯ ನರ್ಸಿಂಗ್ ಕಾಲೇಜು ಸೇರಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿನ ಗೇಟು ದಾಟಿದ ಮೊದಲ ವಸ್ತು ಈ ಡಬ್ಬಿ. ಎರಡನೆಯದು ನಾನು.

ಅಲ್ಲಿ ಮೊದಲು ಕಲಿಸಿದ್ದು ಕೈ ತೊಳೆಯುವುದನ್ನು. ನಗಬೇಡಿ. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು, ಹೀಗೆ ವರಸೆಯಿದೆ. ತಪ್ಪಿದರೆ ಮತ್ತೆ ಮೊದಲಿನಿಂದ. ದೀಪಾವಳಿಗೆ ಊರಿಗೆ ಹೋದಾಗ ಮಾಮಾನಿಗೆ ಮಾಡಿ ತೋರಿಸಿದೆ. “ಇಷ್ಟ ಕಲಿಸಾಕ ನಾಕ ವರ್ಷ ಬೇಕೇನ? ನಾ ನಾಕ ನಿಮಿಷದಾಗ ಕಲಸ್ತಿದ್ದೆ” ಎಂದ. ಆದರೆ ಕೈ ತೊಳೆಯುವ ವಿದ್ಯೆಯಲ್ಲಿ ನಾನು ಕಾಲೇಜಿಗೆ ಹೋಗುವ ಮೊದಲೇ ಪಾಸಾಗಿದ್ದವಳು. ಅದೂ ನಮ್ಮ ಹಿತ್ತಿಲಲ್ಲಿ.

ಅಪ್ಪ ತೀರಿಕೊಂಡಾಗ ನಾನು ಎರಡನೇ ಇಯತ್ತೆ. ಅಂದಿನಿಂದ ಅವ್ವ, ನಾನು ಮಾಮಾನ ಮನೆಯಲ್ಲಿ. ನಮಗಿಂತ ಮುಂಚೆಯೇ ಮೌಶಿ ಅಲ್ಲಿದ್ದಳು. ಜೋಯಿಡಾ ಕಡೆಯ ಗಂಡನ ಮನೆಯವರು ಆಕೆಯನ್ನು ಒಂದು ಬಟ್ಟೆಗಂಟಿನ ಜೊತೆ ಬಸ್ಸು ಹತ್ತಿಸಿ ಕೈ ತೊಳೆದುಕೊಂಡಿದ್ದರು. ವಾರಗಟ್ಟಲೆ ನಿದ್ದೆಯಿಲ್ಲದ ಮೌಶಿ ಬಸ್ಸಿನಲ್ಲಿ ಕಣ್ಣು ಮುಚ್ಚಿದಳಂತೆ. ನಮ್ಮೂರು ದಾಟಿ ಹೋಯಿತು. ಎಲ್ಲೋ ಮುಂದೆ ಇಳಿದು, ಗಂಟು ಹೊತ್ತು, ಕತ್ತಲಾಗುವಷ್ಟರಲ್ಲಿ ನಡೆದು ಬಂದಳು. ಆವತ್ತಿನಿಂದ ಆಕೆಗೆ ಒಬ್ಬ ಕಂಡಕ್ಟರ್ ಕಾಣಿಸುತ್ತಾನೆ. ಹಿತ್ತಿಲ ನುಗ್ಗೆಗಿಡದ ಹತ್ತಿರ ನಿಂತು ಬೈಯುತ್ತಾಳೆ: “ಏ ಕಂಡಕ್ಟರಾ, ನಮ್ಮೂರ ದಾಟಿ ಹೊಂಟ್ಯಲ್ಲೋ! ನಿಲ್ಲಸೋ ಗಾಡಿ!” ಓಣಿಯ ಹುಡುಗರು ಬೇಲಿಯಾಚೆಯಿಂದ “ರೈಟ್, ರೈಟ್!” ಎನ್ನುತ್ತಿದ್ದರು. ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆಯುವುದರಲ್ಲಿ ಎಲ್ಲರಿಗಿಂತ ನಾನು ಜೋರು.

ಮೌಶಿಯ ಊಟ ಹಿಂದಿನ ಪಡಸಾಲೆಯಲ್ಲಿ, ಬೇರೆ ಗಂಗಾಳದಲ್ಲಿ. ಇಟ್ಟು ಬಂದವರು ಹಂಡೆಯ ಹತ್ತಿರ ಸೋಪು ಹಚ್ಚಿ ಕೈ ತೊಳೆದುಕೊಂಡೇ ಒಳಗೆ ಬರಬೇಕು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಮಡಿಯಂತೂ ಅಲ್ಲ, ನಾವು ಸಿದ್ದಿಗಳು, ನಮ್ಮ ಮನೆಯಲ್ಲಿ ಮಡಿ ಎಲ್ಲಿಂದ ಬರಬೇಕು? ಆದರೂ ತೊಳೆಯುತ್ತಿದ್ದೆವು. ಮಕ್ಕಳು ಇದನ್ನೇ ಆಟ ಮಾಡಿಕೊಂಡಿದ್ದೆವು: ಮೌಶಿಯನ್ನು ಮುಟ್ಟಿದವರು ಔಟ್, ತೊಳೆದುಕೊಂಡು ಬಂದರೆ ಮತ್ತೆ ಆಟಕ್ಕೆ. ನಾನು ಮೊಳಕೈವರೆಗೆ ತೊಳೆಯುತ್ತಿದ್ದೆ. “ನಮ್ಮ ಸುರೇಖಾ ಭಾಳ ಸ್ವಚ್ಛ” ಎಂದು ಮಾಮಾ ಬಂದವರೆದುರು ಹೇಳಿಕೊಳ್ಳುತ್ತಿದ್ದ.

ಮಾಮಾ ಕೆಟ್ಟವನೆಂದು ತಿಳಿಯಬೇಡಿ. ಕೂಲಿ ಮಾಡಿ ನಮ್ಮೆಲ್ಲರ ಹೊಟ್ಟೆ ನೋಡಿಕೊಂಡವನು. ಮೌಶಿಯನ್ನು ಕರೆದುಕೊಂಡು ಅವನು ಹೋಗದ ಗುಡಿಯಿಲ್ಲ, ದರ್ಗಾ ಇಲ್ಲ. ಆಕೆಯ ತೋಳಿನಲ್ಲಿ ತಾಯಿತಗಳಿಗೆ ಜಾಗ ಸಾಲದೆ ಕೊರಳಿಗೆ ಕಟ್ಟಿದ್ದರು. ತಪ್ಪಿದ್ದು ಒಂದೇ ಜಾಗ, ಆಸ್ಪತ್ರೆ. “ಜ್ವರ ಅಲ್ಲ, ಕೆಮ್ಮ ಅಲ್ಲ, ದವಾಖಾನಿಗೆ ಹೋಗಿ ಏನಂತ ಹೇಳೂದು?” ಎಂದು ಅವನ ಪ್ರಶ್ನೆ.

ಮೂರನೇ ವರ್ಷಕ್ಕೆ ಮನೋರೋಗದ ಪಾಠ ಬಂತು. ಓದಿದವರು ಓದದವರಿಗಿಂತ ಕಡಿಮೆ ಹೆದರುತ್ತಾರೆ ಎಂದು ನೀವು ತಿಳಿದಿದ್ದರೆ, ನಮ್ಮ ಹಾಸ್ಟೆಲಿಗೆ ಬರಬೇಕಿತ್ತು. ಸೀನಿಯರುಗಳು ಮೊದಲು ಹೇಳಿಕೊಟ್ಟದ್ದು ಓಡುವುದನ್ನು: ಕುರ್ಚಿ ಬಾಗಿಲ ಕಡೆ ಹಾಕಿಕೋ, ಕಿವಿಯಲ್ಲಿ ಜುಮುಕಿ ಬೇಡ, ಜೇಬಿನಲ್ಲಿ ಪೆನ್ನು ಬೇಡ, ಕೂದಲು ಬಿಗಿದು ಕಟ್ಟು. ನನ್ನ ಗುಂಗುರು ಕೂದಲು ಬಿಗಿದು ಕಟ್ಟುವುದೇ ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಯಾವ ಅಪಾಯವಾದರೂ ಬಂದು ಹೋಗುತ್ತದೆ. ರಾಮನಗರದಿಂದ ಬಂದಿದ್ದ ನನ್ನ ರೂಮಿನ ಹುಡುಗಿಯಂತೂ ಕೈಮುಗಿದಿದ್ದಳು: “ಹೆರಿಗಿ ವಾರ್ಡ್ ಕೊಡ್ರಿ, ಬೇಕಾದ್ರ ಹೆಣದ ಕೋಣಿ ಕೊಡ್ರಿ, ಇದೊಂದ ಬ್ಯಾಡ್ರಿ.”

ಪಾಠ ಮಾಡಲು ಬಂದ ಶೈಲಾ ಮೇಡಂ ಮೊದಲ ದಿನ ಕೇಳಿದರು: “ಯಾರ ಮನ್ಯಾಗರ ಮನಸಿನ ಬ್ಯಾನಿ ಇದ್ದಾವರು ಅದಾರೇನ?” ನಲವತ್ತು ಹುಡುಗಿಯರು. ಒಂದೂ ಕೈ ಮೇಲೇಳಲಿಲ್ಲ. ನನ್ನ ಕೈ ಬೆಂಚಿನ ಕೆಳಗೆ, ತೊಡೆಯ ಅಡಿಯಲ್ಲಿತ್ತು. ಎಲ್ಲಿ ತಾನಾಗಿಯೇ ಎದ್ದೀತೋ ಎಂದು ಅದರ ಮೇಲೆ ಕೂತಿದ್ದೆ.

“ಹೌದಾ? ಛಲೋ ಆತು. ನಮ್ಮನ್ಯಾಗ ಅದಾರ. ನಮ್ಮಪ್ಪ” ಎಂದು ಮೇಡಂ ಬೋರ್ಡಿನ ಕಡೆ ತಿರುಗಿ ಪಾಠ ಶುರು ಮಾಡಿದರು.

ಅವರ ಪಾಠದಲ್ಲಿ ಒಂದು ಕಿರಿಕಿರಿಯ ಬರಹವಿತ್ತು. ರೋಗಿಯ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಬೇಕು. ಆಮೇಲೆ ಉದ್ದನೆಯ ಪುಸ್ತಕದಲ್ಲಿ ಮೂರು ಗೀಟು ಹೊಡೆದು ಬರೆಯಬೇಕು: ಅವರು ಅಂದದ್ದು, ನಾನು ಅಂದದ್ದು, ಆಗ ನನಗೆ ಅನಿಸಿದ್ದು. ಅವರು ಸುಮ್ಮನಿದ್ದರೆ ‘ಸುಮ್ಮನಿದ್ದರು’ ಎಂದೇ ಬರೆಯಬೇಕು. ನಮಗೇಕೆ ಅಷ್ಟು ಕಷ್ಟ? ದೂರದ ಊರಿನ ಮಾನಸಿಕ ಆಸ್ಪತ್ರೆಗೆ ನಮ್ಮನ್ನು ಹಾಕಿದ ಮೊದಲ ವಾರ, ನಾನು ಶಾಂತವ್ವ ಎಂಬ ಹೆಂಗಸಿನ ಬಾಗಿಲ ಹತ್ತಿರ ಐದು ನಿಮಿಷ ನಿಂತು, ರಾತ್ರಿ ಸೀನಿಯರಿನ ಹಳೆ ಪುಸ್ತಕ ನೋಡಿ ನೀಟಾಗಿ ಇಳಿಸಿಬಿಟ್ಟೆ. ಮರುದಿನ ಮೇಡಂ ಎಲ್ಲರೆದುರು ಗಟ್ಟಿಯಾಗಿ ಓದಿದರು: “‘ರೋಗಿಯು ಮೂರು ದಿನಗಳಿಂದ ಗಡ್ಡ ತೆಗೆದುಕೊಂಡಿರುವುದಿಲ್ಲ.’ ಸುರೇಖಾ, ಶಾಂತವ್ವಗ ಗಡ್ಡಾ ಯಾವಾಗ ಬಂತವಾ?”

ಆ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಆವತ್ತೇ ಹೋಗಿ ನಿಜವಾಗಿ ಕೂತೆ.

ಶಾಂತವ್ವ ಹದಿನೈದು ನಿಮಿಷ ಸುಮ್ಮನಿದ್ದಳು. ಆಮೇಲೆ ಕೇಳಿದಳು, “ಯಾವೂರ ತಂಗಿ?”

“ಮುಂಡಗೋಡ ಕಡೀಕ್ರಿ.”

“ಕೂದಲಾ ಮುಟ್ಟಲೇನ?”

ಹೂಂ ಎನ್ನುವಷ್ಟರಲ್ಲಿ ತಲೆಯ ಮೇಲೆ ಕೈಯಿಟ್ಟಳು. “ಕುರಿಮರಿ ಇದ್ದಂಗ ಅದಾವ. ನಮ್ಮನ್ಯಾಗ ಒಂದ ಕರೀ ಕುರಿಮರಿ ಇತ್ತು. ನಾ ಇಲ್ಲೆ ಬಂದ ಮ್ಯಾಲೆ ಅದಕ ಯಾರ ತಪ್ಪಲಾ ಹಾಕ್ತಾರೋ ಏನೋ.” ನನ್ನ ಕೂದಲಿನ ಬಗ್ಗೆ ಬಸ್ಸಿನಲ್ಲಿ, ಸಾಲಿಯಲ್ಲಿ ನೂರು ಮಂದಿ ನೂರು ಮಾತು ಆಡಿದ್ದಾರೆ. ಅಷ್ಟು ಪ್ರೀತಿಯಿಂದ ಯಾರೂ ಆಡಿರಲಿಲ್ಲ. ಗಂಟೆ ಹೊಡೆಯುವವರೆಗೆ ಆಕೆ ನನ್ನ ಕೈ ಹಿಡಿದುಕೊಂಡೇ ಇದ್ದಳು. ಹೊರಗೆ ಬಂದವಳೇ ನಾನು ನೀಲಿ ಡಬ್ಬಿ ತೆಗೆದೆ. ಅಂಗೈ, ಮುಂಗೈ, ಬೆರಳ ಸಂದು, ಒಂದೂ ಬಿಡದೆ. ಪುಸ್ತಕದ ಕೊನೆಗೆ ಹೆಮ್ಮೆಯಿಂದ ಬರೆದೆ: ‘ಸಂಭಾಷಣೆಯ ನಂತರ ಕ್ರಮವಾಗಿ ಕೈ ತೊಳೆದುಕೊಂಡೆನು.’ ಒಂದು ಅಂಕ ಹೆಚ್ಚು ಬಿದ್ದೀತೆಂದು ಆಸೆ.

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬಂತು: ‘ಮೊದಲು ಯಾಕೆ ತೊಳೆಯಲಿಲ್ಲ?’

ಕೇಳಲು ಹೋದೆ. “ಮೇಡಂ, ಮೊದಲ ನನ್ನ ಕೈ ಸ್ವಚ್ಛ ಇತ್ತಲ್ರಿ.”

“ಯಾರಂದ್ರು?”

ನಾನು ಅಂಗೈ ತಿರುವಿ ನೋಡಿಕೊಂಡೆ.

“ಕೂಸಿನ್ನ ಮುಟ್ಟೂ ಮೊದಲ ತೊಳಿತಿ. ಬಾಣಂತಿನ್ನ ಮುಟ್ಟೂ ಮೊದಲ ತೊಳಿತಿ. ಯಾಕ? ನಿನ್ನ ಹೊಲಸ ಅವರಿಗೆ ಹತ್ತಬಾರದಂತ. ಶಾಂತವ್ವಗ ಹತ್ತಿದ್ರ ನಡೀತೈತೇನ? ಆಮ್ಯಾಲೆ ತೊಳಿಯೂದು ತಪ್ಪಲ್ಲವಾ. ಬರೇ ಆಮ್ಯಾಲೆ ತೊಳಿತೀಯಲ್ಲ, ಅದು ತಪ್ಪು.”

ಸರಿ ಎಂದು ಬಂದೆ. ಆದರೆ ಮೂರನೆಯ ಗೀಟಿನ ಆಚೆ, ‘ನನಗೆ ಅನಿಸಿದ್ದು’ ಎಂಬಲ್ಲಿ, ಪುಟ ಖಾಲಿ ಇತ್ತು. ಪೆನ್ನು ಹಿಡಿದು ಕೂತಾಗ ನೆನಪಾದದ್ದು ಶಾಂತವ್ವ ಅಲ್ಲ, ನಮ್ಮ ಸಾಲಿಯ ನಳ. ನಾನು ನೀರು ಕುಡಿದು ಸರಿದ ಮೇಲೆ ಒಬ್ಬ ಹುಡುಗಿ ತನ್ನ ಲಂಗದ ತುದಿಯಿಂದ ಆ ನಳ ಒರೆಸಿ ಕುಡಿಯುತ್ತಿದ್ದಳು. ಐದನೇ ಇಯತ್ತೆಯಿಂದ ಏಳನೇ ಇಯತ್ತೆಯವರೆಗೆ, ದಿನಾ. ಆಕೆಯ ಲಂಗದ ಅಂಚಿನ ಬಣ್ಣ ಈಗಲೂ ಹೇಳಬಲ್ಲೆ. ಅದನ್ನು ಎಂದೂ ಮರೆಯುವುದಿಲ್ಲ ಎಂದು ಹಟ ಹಿಡಿದವಳು, ಮನೆಗೆ ಬಂದು ಹಂಡೆಯ ಹತ್ತಿರ ಮೊಳಕೈವರೆಗೆ ತೊಳೆದುಕೊಳ್ಳುತ್ತಿದ್ದೆ. ಎರಡನ್ನೂ ಒಂದೇ ಪುಟದಲ್ಲಿ ಬರೆದೆ. ಮೇಡಂ ಅದಕ್ಕೆ ಅಂಕ ಹಾಕಲಿಲ್ಲ. ಪುಟದ ಮೂಲೆ ಮಡಚಿ ವಾಪಸು ಕೊಟ್ಟರು.

ರಜೆಗೆ ಹೋದಾಗ ಮೌಶಿಯ ಗಂಗಾಳ ನಾನೇ ತೆಗೆದುಕೊಂಡೆ. ಮಾಮಾ, ಅವ್ವ ನೋಡುತ್ತಿರುವಾಗಲೇ ಮೊದಲು ಹಂಡೆಯ ಹತ್ತಿರ ಹೋಗಿ ಕೈ ತೊಳೆದೆ, ಆಮೇಲೆ ಅನ್ನ ಹಾಕಿಕೊಂಡು ಹೋಗಿ ಆಕೆಯ ಎದುರು ಕೂತೆ. ಮೌಶಿ ಗಂಗಾಳ ನೋಡಲಿಲ್ಲ, ನನ್ನ ಒದ್ದೆ ಕೈ ನೋಡಿದಳು.

“ಯಾಕ ತೊಳಕೊಂಡಿ? ಇನ್ನೂ ಮುಟ್ಟೇ ಇಲ್ಲಲ್ಲ.”

ಹುಚ್ಚಿಗೆ ಏನು ತಿಳಿಯುತ್ತದೆ ಎಂದುಕೊಂಡು ಇಷ್ಟು ವರ್ಷ ಆಕೆಯ ಕಣ್ಣೆದುರೇ ಸೋಪು ತಿಕ್ಕಿದ್ದೆವು. ಆಕೆ ಪ್ರತಿಯೊಂದು ಸಲವನ್ನೂ ನೋಡಿದ್ದಳು.

“ಕಾಲೇಜಿನ್ಯಾಗ ಹಿಂಗ ಕಲಿಸ್ಯಾರ ಮೌಶಿ. ಮೊದಲ ತೊಳಕೋಬೇಕಂತ.”

ಮೌಶಿ ಒಂದು ತುತ್ತು ಕಲಸಿದಳು. “ಶಾಣ್ಯಾರ ಅದಾರ ನಿಮ್ಮ ಮಾಸ್ತರು” ಎಂದಳು.

ಆ ರಜೆಯಲ್ಲಿ ಉದ್ದನೆಯ ಪುಸ್ತಕದಲ್ಲಿ ಮೂರು ಗೀಟು ಹೊಡೆದುಕೊಂಡು ದಿನಾ ಆಕೆಯ ಹತ್ತಿರ ಕೂತೆ. ಯಾರೂ ಅಂಕ ಕೊಡುವವರಿರಲಿಲ್ಲ. ಹೆಚ್ಚು ಪುಟಗಳಲ್ಲಿ ‘ಸುಮ್ಮನಿದ್ದಳು’ ಎಂದಿದೆ. ಕೆಲವಲ್ಲಿ ಕಂಡಕ್ಟರ್. ಒಂದರಲ್ಲಿ ಮಾತ್ರ, “ನಿದ್ದಿ ಬರವಲ್ದು ಸುರೇಖಾ. ನಿದ್ದಿ ಬಂದ್ರ ಮತ್ತ ಊರ ದಾಟತೈತಿ.” ಆ ಪುಟ ಹಿಡಿದುಕೊಂಡೇ ನಾನು, ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರು ಬರುವ ದಿನ ನೋಡಿ, ಮೌಶಿಯನ್ನು ಮುಂಡಗೋಡಿನ ಆಸ್ಪತ್ರೆಗೆ ಕರೆದೊಯ್ದೆ. ಏನಂತ ಹೇಳುವುದು ಎಂಬ ಮಾಮಾನ ಪ್ರಶ್ನೆಗೆ ಉತ್ತರ ಆಕೆಯ ಮಾತಿನಲ್ಲೇ ಇತ್ತು. ನಾವು ಅದನ್ನು ಬರೆದುಕೊಂಡಿರಲಿಲ್ಲ ಅಷ್ಟೆ.

“ಇಷ್ಟ ವರ್ಷ ದೇವರ ಕಡಿಂದ ಆಗಲಿಲ್ಲ, ಗುಳಿಗಿ ಕಡಿಂದ ಆಗತೈತೇನ?” ಮಾಮಾ ಕೂಗಾಡಿದ.

“ಆಗಲಿಲ್ಲಂದ್ರ ದೇವರು ಎಲ್ಲಿ ಹೋಗ್ತಾನ ಮಾಮಾ? ಅಲ್ಲೇ ಇರ್ತಾನ.”

ಪವಾಡವೇನೂ ಆಗಲಿಲ್ಲ. ಗುಳಿಗೆಯಿಂದ ಮೊದಮೊದಲು ಹಗಲೂ ತೂಕಡಿಸುತ್ತಿದ್ದಳು. ಡಾಕ್ಟರು ಎರಡು ಸಲ ಬದಲಿಸಿದರು. ನಿದ್ದೆ ಬಂತು. ಕೂದಲು ತಾನೇ ಬಾಚಿಕೊಳ್ಳತೊಡಗಿದಳು. ಕಂಡಕ್ಟರ್ ಈಗಲೂ ಬರುತ್ತಾನೆ, ದಿನಾ ಅಲ್ಲ. ಬಂದರೂ ಆಕೆ ದನಿಯೇರಿಸದೆ ಎರಡು ಮಾತು ಹೇಳಿ ಕಳಿಸುತ್ತಾಳೆ, ಬಾಕಿ ಕೆಲಸ ಇದ್ದವಳ ಹಾಗೆ. ಇದು ಮಾಮಾನ ಲೆಕ್ಕದಲ್ಲಿ ಶಾಣ್ಯಾಕಿ ಆದದ್ದೋ ಅಲ್ಲವೋ ನಾನು ಕೇಳಲಿಲ್ಲ. ಮೌಶಿಗೆ ಗಂಗಾಳ ಕೊಟ್ಟರೆ ಅವನು ಆಗಲೂ ಆಮೇಲೆಯೇ ಕೈ ತೊಳೆಯುತ್ತಿದ್ದ.

ನಾಲ್ಕು ವರ್ಷ ಮುಗಿಯಿತು. ಪದವಿ ಕೊಡುವ ಸಮಾರಂಭಕ್ಕೆ ಒಬ್ಬ ವಿದ್ಯಾರ್ಥಿನಿಗೆ ಎರಡು ಪಾಸು. ಮೊದಲನೆಯದು ಅವ್ವನಿಗೆ. ಎರಡನೆಯದು ತನ್ನದೇ ಎಂದು ಮಾಮಾ ಬಿಳಿ ಅಂಗಿ ಹೊಲಿಯಲು ಹಾಕಿದ್ದ. ನಾನು ಊರಿಗೆ ಹೋಗಿ ಆ ಪಾಸನ್ನು ಮೌಶಿಯ ಮಡಿಲಲ್ಲಿಟ್ಟೆ.

ಮಾಮಾನಿಗೆ ನಂಬಲಾಗಲಿಲ್ಲ. “ತಲಿ ಕೆಟ್ಟೈತೇನ ನಿಂದು? ದೊಡ್ಡ ದೊಡ್ಡ ಮಂದಿ ಬರತಾರ. ನಡುವ ಎದ್ದು ‘ಏ ಕಂಡಕ್ಟರಾ’ ಅಂದ್ರ?”

“ಅಂದ್ರ ಅಂದ್ಲು. ನಲವತ್ತು ಮಂದಿ ನರ್ಸ್ ಅದಾರ ಅಲ್ಲೆ. ಅದನ್ನ ನೋಡಾಕಾಗದಾವರಿಗೆ ಪದವಿ ಯಾಕ ಬೇಕು?”

“ನಿನ್ನ ಲಗ್ನಾ ಆಗಬೇಕಿನ್ನ. ಮಂದಿ ಏನಂತಾರ?”

“ಇಂಥಾ ಮೌಶಿ ಅದಾಳಂತಾರ. ಅದಾಳಲ್ಲ!”

ಅವ್ವ ನಡುವೆ ಬಂದಳು. “ಸುರೇಖಾ, ನಿಮ್ಮ ಮಾಮಾ ಅನ್ನಾ ಹಾಕ್ಯಾನ ನಮಗ.” ಆ ಮಾತಿಗೆ ನಾನು ಮೆತ್ತಗಾದೆ, ಸುಳ್ಳೇಕೆ ಹೇಳಲಿ. ಅವನ ಸೀಟು ಕಿತ್ತುಕೊಂಡಂತೆಯೂ ಅನಿಸಿತು. ಆದರೆ ಚಹಾದಂಗಡಿಯಲ್ಲಿ ಎರಡು ಹೆಸರು ಕೂಡಿಸಿ ‘ಆಗೂ ಮಾತಲ್ಲ’ ಎಂದವನು ಅವನು. ಕೂಡಿಸಿದ್ದನ್ನು ಬಿಡಿಸಿ, ನಾನೊಬ್ಬಳೇ ವೇದಿಕೆ ಹತ್ತಿದರೆ ಅವನ ಅರ್ಧ ಮಾತು ನಿಜವಾಗಿಯೇ ಉಳಿಯುತ್ತದೆ. ಅದು ನನಗೆ ಬೇಡವಿತ್ತು. ಮತ್ತು ಇಷ್ಟೆಲ್ಲ ಜಗಳದಲ್ಲಿ ಯಾರೂ ಮೌಶಿಯನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನೋಡಿ!

“ಮೌಶಿ, ಬರತಿ ಏನ?”

ಆಕೆ ಬಹಳ ಹೊತ್ತು ಪಾಸನ್ನು ತಿರುವಿ ತಿರುವಿ ನೋಡಿದಳು. “ಕಿಡಕಿ ಕಡೀಕ ಸೀಟ ಕೊಟ್ರ ಬರತೇನಿ. ಊರ ಬಂದದ್ದು ಕಾಣಬೇಕು.”

“ಹೋಗ್ರಿ, ಹೋಗ್ರಿ. ನಾ ಬರಂಗಿಲ್ಲ” ಎಂದು ಮಾಮಾ ಎದ್ದು ಹೋದ.

ಆ ದಿನ ನಸುಕಿನಲ್ಲೇ ಮೂವರೂ ಹೊರಟೆವು. ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದಾಗ ಅವ್ವ ಸೆರಗಿನೊಳಗೆ ನನ್ನ ಕೈ ಹಿಡಿದಳು. ನಾನು ಪುಸ್ತಕದಲ್ಲಿ ಓದಿದ್ದೆಲ್ಲ ಕಿಟಕಿಯಿಂದ ಹಾರಿಹೋಗಿತ್ತು. ಮೌಶಿ ಆ ಮನುಷ್ಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಕುಪ್ಪಸದೊಳಗಿಂದ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದಳು.

“ದಾಂಡೇಲಿ ಬಂದ್ರ ಹೇಳ್ರಿ. ದಾಟಿಸಬ್ಯಾಡ್ರಿ.”

“ಆತ್ರಿ ಅಕ್ಕಾರ, ಹೇಳತೇನಿ” ಎಂದು ಅವನು ಸೊನ್ನೆ ಟಿಕೇಟು ಹರಿದು ಕೊಟ್ಟು ಮುಂದೆ ಹೋದ. ಬಸ್ಸುಗಳು ಬದಲಾದವು, ಕಂಡಕ್ಟರುಗಳೂ ಬದಲಾದರು. ಮೌಶಿ ಎಲ್ಲರಿಗೂ ಅದನ್ನೇ ಹೇಳಿದಳು. ದಾಂಡೇಲಿ ದಾಟಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಅವ್ವ, ಮೌಶಿಗೆ ಎರಡನೇ ಸಾಲು. ಕರಿ ಗೌನು ತೊಟ್ಟು ನಾನು ವೇದಿಕೆಯ ಮೆಟ್ಟಿಲ ಹತ್ತಿರ ಸರದಿಯಲ್ಲಿ ನಿಂತಿದ್ದೆ. ಕಣ್ಣು ಮಾತ್ರ ಮೌಶಿಯ ಮೇಲೆ. ಮೈಕು ಕಿರ್ರೆಂದಾಗ ಆಕೆ ಬೆಚ್ಚಿ ಅರ್ಧ ಎದ್ದಳು. ತುಟಿ ಅಲುಗಿತು. ಅವ್ವ ಆಕೆಯ ಸೆರಗು ಜಗ್ಗಿದಳು. ಪಕ್ಕದ ಸೀಟಿನ ಹೆಂಗಸು ತನ್ನ ಚೀಲವನ್ನು ಈಚೆಯಿಂದ ಆಚೆಗೆ ಸರಿಸಿಕೊಂಡಳು. ಅಷ್ಟರಲ್ಲಿ “ಸುರೇಖಾ ಸಿದ್ದಿ” ಎಂದು ಕರೆದರು. ಮೌಶಿ ಪೂರ್ತಿ ಎದ್ದು ನಿಂತಳು. ಕೂಗಲಿಲ್ಲ. ನಾನು ಪ್ರಮಾಣಪತ್ರ ತೆಗೆದುಕೊಂಡು ಕೆಳಗಿಳಿಯುವವರೆಗೆ, ಇಡೀ ಸಾಲು ಕೂತಿರುವಾಗ, ತನ್ನ ಊರು ಬಂತೇನೋ ಎಂಬಂತೆ ನಿಂತೇ ಇದ್ದಳು. ಹಿಂದಿನಿಂದ ಯಾರೋ “ಕುಂಡ್ರವಾ” ಅಂದರು. ಕೂಡಲಿಲ್ಲ.

ನಾನು ನೇರ ಬಂದು ಆ ಕಾಗದವನ್ನು ಆಕೆಯ ಎರಡೂ ಕೈಯಲ್ಲಿಟ್ಟೆ. ಮೌಶಿ ಮೊದಲು ಕೈಗಳನ್ನು ಸೀರೆಗೆ ಒರೆಸಿಕೊಂಡು, ಆಮೇಲೆ ಹಿಡಿದಳು.

ಹೊರಗೆ ಬಂದರೆ ಗೇಟಿನ ಹತ್ತಿರ ಬಿಳಿ ಅಂಗಿಯ ಪರಸು ಮಾಮಾ. ನಮ್ಮ ಹಿಂದೆಯೇ ಹೊರಟ ಬಸ್ಸಿಗೆ ಬಂದಿದ್ದನಂತೆ. ಪಾಸಿಲ್ಲವೆಂದು ಒಳಗೆ ಬಿಟ್ಟಿರಲಿಲ್ಲ. ಕಿಟಕಿಯ ಸಂದಿಯಿಂದ ಎಲ್ಲ ನೋಡಿದೆ ಎಂದ. ಒಂದು ಕೈಯಲ್ಲಿ ಭಜಿಯ ಪೊಟ್ಟಣ, ಬೆರಳೆಲ್ಲ ಎಣ್ಣೆ. ಕಣ್ಣು ಕೆಂಪಗಿದ್ದವು, ಮೆಣಸಿನಕಾಯಿ ಖಾರ ಎಂದ. ಪೊಟ್ಟಣ ಬಗಲಿಗೆ ಸೇರಿಸಿ, ಮೌಶಿ ಎದೆಗವಚಿಕೊಂಡಿದ್ದ ಪ್ರಮಾಣಪತ್ರದ ಕಡೆ ಕೈ ಚಾಚಿದ.

“ತಾ ಗಂಗೀ, ನೋಡೂಣು.”

ಮೌಶಿ ಒಂದು ಹೆಜ್ಜೆ ಹಿಂದೆ ಸರಿದಳು. ಅಣ್ಣನ ಮುಖ ನೋಡಿದಳು, ಚಾಚಿದ ಕೈ ನೋಡಿದಳು.

“ಕೊಡತೇನಿ ಅಣ್ಣಾ. ಮೊದಲ ಕೈ ತೊಳಕೊಂಡ ಬಾ.”